ಊಟವಾಗಿ ಒಂದು ಗಂಟೆ

ಪಾಲಿಬೆಟ್ಟದ ಆಸ್ಪತ್ರೆಯಲ್ಲಿ ನನ್ನ ಕೆಲಸ
ಬೆರಳು ಚುಚ್ಚುವುದು.
ಬುಧವಾರ ಬಂದರೆ ಲೈನ್‌ಮನೆಯ ಹೆಂಗಸರು.
ಎಡಗೈಯ ಉಂಗುರದ ಬೆರಳು,
ಕಾಫಿ ಕುಯ್ದು ಕುಯ್ದು ದಪ್ಪಗಟ್ಟಿದ ತೊಗಲು,
ಸೂಜಿಗೂ ಒಂದು ಕ್ಷಣ ಯೋಚನೆ.
ಆಮೇಲೆ ಕೆಂಪು, ಸಾಸಿವೆಯಷ್ಟು.
ಯಂತ್ರ ಎರಡು ಸಲ ಕೂಗಿ ಹೇಳುತ್ತದೆ:
ಏಳು ಪಾಯಿಂಟ್ ಎಂಟು.

"ಅದು ಪಾಸೋ ಫೇಲೋ?" ಅಂದಳು ಬೊಳ್ಳಿ.

ಗೋಡೆಯ ಚಿತ್ರಪಟ ತೋರಿಸಿದೆ.
ಸೇಬು, ಖರ್ಜೂರ, ದಾಳಿಂಬೆ, ಒಂದು ಲೋಟ ಹಾಲು,
ಹಲ್ಲು ಬಿಟ್ಟು ನಗುವ ಕ್ಯಾರೆಟ್ಟು.
ಬಹಳ ಹೊತ್ತು ನೋಡಿದಳು,
ಯಾರದೋ ಮದುವೆಯ ಆಲ್ಬಮ್ಮು ನೋಡುವ ಹಾಗೆ:
ಗುರುತಿನ ಮುಖ ಒಂದೂ ಇಲ್ಲ.

"ಸರಿ, ನೀನು ತಿನ್ನುವುದು ಹೇಳು" ಎಂದೆ,
ರಿಜಿಸ್ಟರಿನ ಅಂಚಿಗೆ ಪೆನ್ನು ಊರಿ.
ಗದ್ದೆ ಬದುವಿನ ಏಡಿ, ಚಿಪ್ಪು ಸಮೇತ ಜಜ್ಜಿ ಸಾರು.
ತೊರೆಯ ಪಕ್ಕ ಇನ್ನೂ ಸುರುಳಿ ಬಿಚ್ಚದ ತೆರ್ಮೆ ಸೊಪ್ಪು.
ಕೆಸು, ಗಂಟಲು ಕೆರೆಯದಂತೆ
ಎರಡು ಹನಿ ಕಾಚಂಪುಳಿ ಬಿಟ್ಟು.
ಮಳೆಗಾಲದ ಕಣಿಲೆ, ಎರಡು ರಾತ್ರಿ ನೀರಲ್ಲಿಟ್ಟು.
ಹಲಸಿನ ಬೀಜ, ಬೂದಿಯಲ್ಲಿ ಹುಗಿದು.
ನಾನು ಬರೆಯುತ್ತ ಹೋದೆ:
ಸುಣ್ಣ, ಸತು, ಕಬ್ಬಿಣ, ಫೋಲಿಕ್ಕು, ನಾರು...
ಅಂಚು ಸಾಲಲಿಲ್ಲ.
"ಇಷ್ಟು ತಿಂದೂ ಏಳೂಮುಕ್ಕಾಲೇ?"

"ತಿನ್ನುತ್ತಿದ್ದೆ" ಅಂದಳು.
ಆ 'ಇದ್ದೆ'ಯ ಮೇಲೆ ಒಂದು ನಿಮಿಷ ಕೂತಳು.

"ಈಗ ತೋಟಕ್ಕೆ ವರ್ಷಕ್ಕೆರಡು ಸಲ ಮದ್ದು.
ಕಾಫಿಯ ಬುಡದಲ್ಲಿ ನನಗೆ ಸೊಪ್ಪಾಗಿ ಕಂಡದ್ದು
ಅವರ ಡಬ್ಬಿಯ ಮೇಲೆ ಕಳೆ.
ಹೊಡೆಯುವವನು ನನ್ನ ಗಂಡನೇ,
ಬೆನ್ನ ಮೇಲೆ ಹದಿನಾರು ಲೀಟರು.
ಒಂದು ಮೂಲೆ ಬಿಡು ಅಂದೆ. ಬಿಟ್ಟ.
ರೈಟರು ಕೂಲಿ ಹಿಡಿದರು,
ಅರ್ಧ ದಿನದ್ದು."

ಕಬ್ಬಿಣದ ಮಾತ್ರೆ ಎಣಿಸಿ ಕೊಟ್ಟೆ. ಮೂವತ್ತು.
ಮಲ ಕಪ್ಪಾದರೆ ಹೆದರಬೇಡ.
ನಿಂಬೆಯೋ ನೆಲ್ಲಿಯೋ ಒಂದು ಪೇರಳೆಯೋ ಜೊತೆಗಿರಲಿ,
ಹುಳಿ ಕಬ್ಬಿಣವನ್ನು ಕೈಹಿಡಿದು ಒಳಗೆ ಕರೆಯುತ್ತದೆ,
ಕಾಫಿ ಬಾಗಿಲಲ್ಲೇ ತಡೆಯುತ್ತದೆ.
ಊಟವಾಗಿ ಒಂದು ಗಂಟೆ ಕಾಫಿ ಬೇಡ.

ನಕ್ಕಳು. "ಕೊಡಗಲ್ಲಿ ನಿಂತು
ಕಾಫಿ ಬೇಡ ಅಂದವಳು ನೀನೇ ಮೊದಲು.
ನಮಗೆ ಊಟಕ್ಕೇ ಅರ್ಧ ಗಂಟೆ,
ಬೆಲ್ಲದ ಕಾಫಿಯೂ ಅದರೊಳಗೇ.
ನಿನ್ನ ಆ ಒಂದು ಗಂಟೆ ಇರುವುದು
ರೈಟರ ಸೀಟಿಯಲ್ಲಿ, ನಿನ್ನ ಚೀಟಿಯಲ್ಲಲ್ಲ."

ಕಕ್ಕಡ ಹದಿನೆಂಟಕ್ಕೆ ಮನೆಗೆ ಬಂದಳು,
ನನ್ನ ಬೇಲಿಯ ಮದ್ದುಸೊಪ್ಪು ಕೇಳಿಕೊಂಡು.
ಹದಿನೆಂಟು ಮದ್ದು ಅವತ್ತೇ ಎಲೆಗಿಳಿಯುತ್ತವಂತೆ.
ನನ್ನ ತಾಯಿಯೂ ಹಾಗೇ ಹೇಳುತ್ತಿದ್ದರು.
ಪುಸ್ತಕದಲ್ಲಿ ಹುಡುಕಿ ನೋಡುವ ಮನಸ್ಸಾಗಲಿಲ್ಲ.
ನೇರಳೆ ಬಣ್ಣದ ಪಾಯಸ, ಒಂದೇ ಮೆಟ್ಟಿಲ ಮೇಲೆ
ಇಬ್ಬರೂ ಕೂತು ತಿಂದೆವು.
ಮರುದಿನ ಬೆಳಿಗ್ಗೆ ಬಯಲುಸೀಮೆಯ ಹೊಸ ಡಾಕ್ಟರು
ಕ್ವಾರ್ಟರ್ಸಿನಿಂದ ಓಡೋಡಿ ಬಂದರು:
"ದೇಚಮ್ಮನವರೇ, ಮೂತ್ರ ಕೆಂಪು!"
ಬಟ್ಟಲು ಕಳಿಸಿದ್ದು ನಾನೇ.
ಹೇಳುವುದು ಮರೆತಿತ್ತು.

ಮೂರನೇ ತಿಂಗಳು ಬೊಳ್ಳಿಗೆ ಒಂಬತ್ತೂವರೆ.
ಮಾತ್ರೆಯೋ, ಏಡಿಯೋ,
ಗಂಡ ಕಳ್ಳತನದಲ್ಲಿ ಮತ್ತೆ ಬಿಟ್ಟ ಮೂಲೆಯೋ,
ಯಂತ್ರಕ್ಕೆ ಗೊತ್ತಿಲ್ಲ.

"ನಿಂದೆಷ್ಟು?" ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬೆರಳು ಕೊಟ್ಟೆ. ಅವಳೇ ಚುಚ್ಚಿದಳು,
ಕಣ್ಣು ಕಿರಿದು ಮಾಡಿ,
ಕಾಯಿ ಬಿಟ್ಟು ಹಣ್ಣಷ್ಟೇ ಬಿಡಿಸುವ ನಾಜೂಕಿನಲ್ಲಿ.
ಎಂಟು ಪಾಯಿಂಟ್ ಒಂಬತ್ತು.

"ಫೇಲು" ಅಂದಳು.

ಮೇಜಿನ ಮೇಲೆ ಆಗಷ್ಟೇ ಮುಗಿಸಿದ ಊಟದ ಡಬ್ಬಿ,
ಪಕ್ಕದಲ್ಲಿ ಫ್ಲಾಸ್ಕಿನ ಮುಚ್ಚಳ, ತುಂಬಾ, ಹಬೆಯಾಡುತ್ತ.
ಅದನ್ನೆತ್ತಿ ನನ್ನ ಕೈಗೆಟುಕದ ಹಾಗೆ
ಕಿಟಕಿಯ ಕಟ್ಟೆಗಿಟ್ಟಳು,
ಗಡಿಯಾರ ನೋಡಿದಳು.
"ಈಗ ಒಂದೂಕಾಲು."