ಒಂಬತ್ತು ಲೀಟರ ಹಾಲು

ಶಹಾಪುರದ ನಮ್ಮ ಓಣ್ಯಾಗ
ಮಗ್ಗ ಒಂದೊಂದಾಗಿ ಬಾಯಿ ಮುಚ್ಚಿದ ಮ್ಯಾಲ
ಕೇಳೂದು ನನ್ನ ಕಂಪ್ಯೂಟರಿನ ಗೊರಕಿ ಅಷ್ಟ.
ತಾರೀಖು ಇಪ್ಪತ್ತು. ಉದ್ಯಮಬಾಗದ ಫೌಂಡ್ರಿಯ ಜಿಎಸ್‌ಟಿ ಲೆಕ್ಕ
ನಡುರಾತ್ರಿ ಒಳಗ ಏರಬೇಕು.
ಫೋನಿನ ಡೇಟಾ ಸಂಜಿಗೇ ತಳಾ ಕಂಡೈತಿ,
ಮಾತಾಡಾಕ ಬರತೈತಿ, ಮತ್ಯಾವುದಕ್ಕೂ ಇಲ್ಲ.

ಮ್ಯಾಲಿನ ಮನಿ ಮುತಗೇಕರ ಆಯಿ
ನಿಪ್ಪಾಣಿ ಬಸ್ಸಿಗೆ ಹೊಂಡೂ ಗಡಿಬಿಡ್ಯಾಗ
ಹ್ವಾದ ವರ್ಷದ ಕ್ಯಾಲೆಂಡರಿನ ಹಾಳಿ ಒಂದು ಹರದು
ಮೂಲ್ಯಾಗ ವೈಫೈ ಪಾಸ್‌ವರ್ಡ್ ಗೀಚಿ
"ಘೇ ಬಾಳ, ತಿಂಗಳಿಗೆ ಇನ್ನೂರು ಕೊಡು ಸಾಕು" ಅಂದಿದ್ದಳು.
ಇಂಗ್ಲಿಷಿನ್ಯಾಗ ಕುಂದಾ, ಅದರ ಬೆನ್ನಿಗೆ ನಾಕು ಅಂಕಿ:
ಒಂಬತ್ತು, ನಾಕು, ಎಂಟು, ಆರು.

ಹೊಡದೆ. ಈ ನೆಟ್‌ವರ್ಕಿಗೆ ಸೇರಲು ಆಗುತ್ತಿಲ್ಲ.
ಯಾಕಂತ ಹೇಳೂದಿಲ್ಲ. ಸಿಟ್ಟಾದ ಬೀಗರ ಹಂಗ
ಬಾಗಲಾ ತಗೀತೈತಿ, ಮಾರಿ ನೋಡತೈತಿ, ಮುಚ್ಚತೈತಿ.

ಫೌಂಡ್ರಿಯ ದಾನೇಶಗ ಫೋನ್ ಹಚ್ಚಿದೆ.
ಆಫ್ ಮಾಡಿ ಆನ್ ಮಾಡ್ರಿ, ಅಂದ. ಮಾಡಿದೆ.
ಹಿಂದಿನ ಡಾಂಗಲ್ ತಗದು ಊದ್ರಿ, ಅಂದ.
ಊದಿದೆ. ಧೂಳಿನ ಜೋಡಿ ಒಂದು ಸತ್ತ ಇರಿವಿ ಬಿತ್ತು,
ಇಂಟರ್‌ನೆಟ್ ಬೀಳಲಿಲ್ಲ.
ನಡುವ ತಿಜೂರಿ ಅಡ್ಡ ಇರಬೇಕ್ರಿ,
ಕಬ್ಬಿಣ ಗಾಳಿ ನುಂಗತೈತಿ, ಅಂದ.
ಎರಕದ ಭಟ್ಟಿ ಮುಂದ ಹಗಲೆಲ್ಲಾ ನಿಂದ್ರಾವಾ,
ಕಬ್ಬಿಣದ ಮಾತಂದ್ರ ಅವನ ಮಾತು ಕೇಳಬೇಕು.
ಒಬ್ಬಾಕಿನೇ ತಿಜೂರಿ ಜಗ್ಗಿದೆ. ಫರಸಿ ಮ್ಯಾಲ ಬಿಳೀ ಗೆರಿ ಬಿತ್ತು.
ಪರದೆಯ ಮೂಲ್ಯಾಗ ಮೂರೂ ಹುಬ್ಬು ತುಂಬಿ ನಿಂತವು,
ಗಾಳಿ ಭರ್ತಿ, ಬಾಗಲಾ ಮಾತ್ರ ಬಂದ್.

ಹತ್ತೂವರಿ. ನಿಪ್ಪಾಣಿಗೆ ಹಚ್ಚಿದರ ಸ್ವಿಚ್ ಆಫ್.
ಊಟಾ ಆಗಿ, ಮೊದಲ ಫೋನು ಮಲಗಿಸಿ
ಆಮ್ಯಾಲ ತಾ ಮಲಗೂ ಹೆಂಗಸು.

ಸೋತು ಚಾ ಇಟ್ಟೆ. ಹಾಲು ಇರಲಿಲ್ಲ.
ಕರೀ ಚಾದ ಕಪ್ಪಿನ ಬುಡಕ ಆ ಹಾಳಿ ಹಾಸಿದೆ,
ಅದರ ಮ್ಯಾಲೊಂದು ಕಂದು ಉಂಗರ ಬಿತ್ತು.
ಉಂಗರದ ಒಳಗ, ಒಂದೊಂದು ತಾರೀಖಿನ ಮನ್ಯಾಗ
ಆಕಿ ಪೆನ್ಸಿಲ್ಲಿನ ಹಾಲಿನ ಲೆಕ್ಕ:
ಸೋಮವಾರ ಒಂಬತ್ತು. ಮಂಗಳವಾರ ಒಂಬತ್ತು.
ಪಂಢರಪುರ ಅಂತ ಬರದ ನಾಕು ದಿನ ಸೊನ್ನಿ.
ತಿರುಗಿ ಬಂದ ದಿನ ಮತ್ತ ಒಂಬತ್ತು.

ಅಲ್ಲಾ, ಒಬ್ಬಾಕಿ ಮುದುಕಿ,
ಸಾಕಿದ ಬೆಕ್ಕು ಸೈತ ಇಲ್ಲ,
ದಿನಾ ಒಂಬತ್ತು ಲೀಟರ ಹಾಲು ಯಾರ ಹೊಟ್ಟಿಗೆ?

ಬಗ್ಗಿ ನೋಡಿದೆ. ತಲಿ ಗುಂಡಗ, ಬಾಲಾ ಕೆಳಗ.
ಒಂಬತ್ತಲ್ಲ ಅದು. ಆಯಿಯ ಒಂದು.
ಮರಾಠಿ ಸಾಲ್ಯಾಗ ತಿದ್ದಿದ ಕೈಯಿನ ಒಂದು.
ಮುದ್ದೇಬಿಹಾಳದಿಂದ ಬಂದು ಏಳು ತಿಂಗಳಾದರೂ
ನನ್ನ ಕಣ್ಣಿಗೆ ಅಂಕಿ ಅಂದ್ರ ಇಂಗ್ಲಿಷಿನವಷ್ಟ.
ಬೇಕಾದ್ದೆಲ್ಲಾ ಅದೇ ಹಾಳ್ಯಾಗ ಅಚ್ಚಾಗಿತ್ತು,
ಕೆಂಪು ಕಪ್ಪಿನ್ಯಾಗ, ಒಂದರಿಂದ ಮೂವತ್ತೊಂದರ ಮಟ.
ಬಟ್ಟು ಇಟ್ಟು ಎಣಿಸಿದೆ, ಒಂದನೇತ್ತೆ ಹುಡುಗಿ ಹಂಗ:
ನಾಕು ಅಂತ ತಿಳದದ್ದು ಐದು.
ಕೊಂಕಿದ ಆರು, ಏಳು.
ಇನ್ನ ನೆತ್ತಿ ತಗದ ಆ ಎಂಟು,
ಅದು ನನಗ ಮೊದಲೇ ತಿಳೀಬೇಕಿತ್ತು,
ನಾಕು. ನಮ್ಮ ಕನ್ನಡದ ನಾಕೂ ಹಿಂಗೇ ಇರತೈತಿ,
ಅಪ್ಪನ ಕಿರಾಣಿ ಖಾತೆ ಪುಸ್ತಕದಾಗ ಸಾವಿರ ಸಲ ಕಂಡದ್ದು.
ಆಕಿದೂ ಅದೇ, ನಮ್ಮದೂ ಅದೇ,
ನಾನೇ ಎಂಟು ಅಂತ ಓದಿದ್ದೆ.

ಒಂದು, ಐದು, ನಾಕು, ಏಳು.
ಎಂಟರ್.

ಹನ್ನೊಂದು ನಲವತ್ತಕ್ಕ ಲೆಕ್ಕ ಏರಿತು.
ದಾನೇಶಗ ಫೋನ್ ಮಾಡಿ
ತಿಜೂರಿದೇ ತಪ್ಪಿತ್ತು ನೋಡಪಾ, ಅಂದೆ.
ಪಾಪ, ಅಲ್ಲೀಮಟ ಎಚ್ಚರ ಇದ್ದ.

ತಿಜೂರಿ ಇನ್ನೂ ನಡುಮನ್ಯಾಗ ನಿಂತೈತಿ.
ಮುಂಜಾನೆ ಅದನ್ನ ಸುತ್ತು ಹಾಕಿ ಬಾಗಲಾ ತಗದರ
ಹಾಲಿನಾವ, ಕ್ಯಾನಿನ ಮುಚ್ಚಳಾ ಎತ್ತಿ, ಎಷ್ಟ್ರೀ ಅಕ್ಕಾರ ಅಂದ.
ಬಾಯಿಲೆ ಹೇಳಲಿಲ್ಲ,
ಒಂದು ಬಟ್ಟು ಎತ್ತಿ ತೋರಿಸಿದೆ.