ಗಾಜಿನ ಮುಳ್ಳು

ಕಡಲೆಯಿದ್ದವರಿಗೆ ಹಲ್ಲು ಮಾಡಿಕೊಟ್ಟವಳು ನಾನು,
ಗೆರ್ಲಿಟ್ಸ್ ಊರಲ್ಲಿ, ಮೂವತ್ತೆಂಟು ವರುಷ.
ಅರೆಯುವುದು, ಉಜ್ಜುವುದು, ಭೂತಗನ್ನಡಿಗೆ ಕಣ್ಣಿಡುವುದು.
ಕಸುಬು ಬಿಟ್ಟರೂ ಅದು ಕೈಯನ್ನು ಬಿಡಲಿಲ್ಲ;
ಅದಕ್ಕೇ ಈ ಚಟ.

ಮೇಜಿನ ಖಾನೆಯಲ್ಲಿ ನಲವತ್ತೊಂದು ಪೆನ್ನು.
ಎಲ್ಲಕ್ಕೂ ಗಾಜಿನದೇ ಮುಳ್ಳು,
ಸಣ್ಣ ಗೀರುಗಳನ್ನು ತಿರುಚಿ ತುದಿಗೆ ತಂದದ್ದು
ಒದ್ದೆ ಬಟ್ಟೆ ಹಿಂಡಿದ ಹಾಗೆ.
ಯುದ್ಧದ ಕಾಲ. ಚಿನ್ನವಿಲ್ಲ, ಆಮೇಲೆ ಉಕ್ಕೂ ಇಲ್ಲ.
ಮರಳಿಗೇನು ಬರ? ಕಾಯಿಸಿ ಎಳೆದರು.

ಚಿನ್ನದ ಮುಳ್ಳು ಒಡೆಯನ ಕೈಗೆ ಬಾಗುತ್ತದೆ,
ಸವೆದು ಸವೆದು ಅವನ ಓರೆಯನ್ನೇ ಕಲಿಯುತ್ತದೆ.
ಗಾಜು ಕಲಿಯುವುದಿಲ್ಲ.
ಹೇಗೆ ಹಿಡಿದರೂ ಬರೆಯುತ್ತದೆ, ಯಾರು ಹಿಡಿದರೂ,
ಒಂದು ದಿನ ಕಲ್ಲುನೆಲಕ್ಕೆ ಬೀಳುವ ತನಕ.
ಆಗ ಚಕ್ಕೆಯೊಂದು ಹಾರಿ
ಅದಕ್ಕೂ ಒಂದು ಕೈಬರಹ ಹುಟ್ಟುತ್ತದೆ.

ನನ್ನ ಬಳಿ ಒಂದು ಕಾಗದವಿದೆ. ನಲವತ್ತನಾಲ್ಕರ ಮಾರ್ಚ್.
ಸೋದರತ್ತೆ ಓಟ್ಟೀಲಿ ಯಾರಿಗೋ ಬರೆದು ಕಳಿಸದೆ ಇಟ್ಟದ್ದು:
ಆಲೂಗಡ್ಡೆಯ ಲೆಕ್ಕ, ಕೋಟಿನ ಅಸ್ತರಿಯ ಲೆಕ್ಕ,
ಕೊನೆಗೆ "ನೀನು ಕೇಳಿದ್ದಕ್ಕೆ ಉತ್ತರ",
ಅಷ್ಟೇ.
ಕೆಳಗಿಳಿವ ಗೆರೆ ಅಲ್ಲಲ್ಲಿ ಸೀಳಿ ಎರಡು,
ನಡುವೆ ಕೂದಲೆಳೆಯಷ್ಟು ಬಿಳಿ.
ಬೆರಳಲ್ಲಿ ಪೆನ್ನು ಹೊರಳಿದ ಕಡೆ ಮತ್ತೆ ಒಂದೇ.
ಆ ಸೀಳಿನ ಪೆನ್ನಿಗೇ ನಾನು ಹುಡುಕುತ್ತಿರುವುದು.

ಶನಿವಾರದ ಸಂತೆ, ನೈಸೆ ಹೊಳೆಯ ದಂಡೆ.
ಬೋನಿಷ್ ಒಂದು ಸಿಗಾರ್ ಡಬ್ಬ ತೆರೆದ:
ಕೀಲಿಯಿಲ್ಲದ ಬೀಗ, ಯಾರದೋ ಈಜಿನ ಪದಕ, ಹಸಿರು ಪೆನ್ನು.
ಮುಚ್ಚಳದೊಳಗೆ ಒಣಗಿದ ನೇರಳೆ ಮಸಿ,
ತುದಿಯಲ್ಲಿ ಗಾಯ.
"ಒಡೆದದ್ದು. ಐದು ಯೂರೋ ಸಾಕು" ಎಂದ.
ನನ್ನ ಕೈ ನಡುಗಿದ್ದನ್ನು
ಚಳಿಗೆ ಎಂದುಕೊಂಡಿರಬೇಕು.

ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿದೆ;
ನೇರಳೆ ಎಳೆಯೆಳೆಯಾಗಿ ಬಿಟ್ಟಿತು.
ಮಸಿಗದ್ದಿ ಓಟ್ಟೀಲಿಯ ಮಾತನ್ನೇ ಬರೆದೆ,
ಪೆನ್ನನ್ನು ಹೊರಳಿಸಿ ಹೊರಳಿಸಿ, ಹನ್ನೊಂದು ಸಲ.
ಸೀಳೇನೋ ಬಂತು. ಎಡಕ್ಕೆ ದಪ್ಪ, ಬಲಕ್ಕೆ ತೆಳು.
ಅವಳದು ತಿರುವುಮುರುವು.
ಇದು ಬೇರೆ ಯಾರ ಕೈಯಿಂದಲೋ ಜಾರಿದ್ದು.

ಅರೆಗಲ್ಲು ಕೈಯಳತೆಯಲ್ಲೇ ಇತ್ತು,
ಎರಡು ನಿಮಿಷ ಉಜ್ಜಿದ್ದರೆ ತುದಿ ನುಣ್ಣಗಾಗುತ್ತಿತ್ತು.
ಉಜ್ಜಲಿಲ್ಲ. ನಲವತ್ತೆರಡು ಎಂದು ಚೀಟಿ ಕಟ್ಟಿದೆ.
ಮೇಜಿನ ಮೇಲೆ ಇನ್ನೂ ಒಣಗುತ್ತಿವೆ
ನೀನು ಕೇಳಿದ್ದಕ್ಕೆ ಉತ್ತರ
ನೀನು ಕೇಳಿದ್ದಕ್ಕೆ ಉತ್ತರ

ಬರುವ ಶನಿವಾರ ಬೋನಿಷ್ ಇನ್ನೊಂದು ಡಬ್ಬ ತರುತ್ತಾನಂತೆ.