ಉಪಮೆ ಬೇಡ

ಮೊದಲ ವರ್ಷದ ರೆಕಾರ್ಡ್ ಪುಸ್ತಕದಲ್ಲಿ
ಕೆಂಪು ರಕ್ತಕಣಗಳ ಬಗ್ಗೆ ನಾನು ಬರೆದಿದ್ದೆ:
‘ಬೆರಳಲ್ಲಿ ನಡು ಒತ್ತಿದ ಕಡಂಬುಟ್ಟಿನಂತಿವೆ.’
ದೇಚಮ್ಮ ಮೇಡಂ ಅದರ ಮೇಲೊಂದು ಗೀಟೆಳೆದು
ಪಕ್ಕದಲ್ಲಿ, ಕೆಂಪು ಶಾಯಿಯಲ್ಲೇ:
‘ಉಪಮೆ ಬೇಡ. ಅಳತೆ ಬರಿ.’

ಬರೆದೆ. ಏಳು ಪಾಯಿಂಟ್ ಎರಡು ಮೈಕ್ರಾನ್.

ಮಡಿಕೇರಿಯಲ್ಲಿ ಈ ವಿದ್ಯೆ ಕಲಿಯುವುದೆಂದರೆ
ಅರ್ಧ ಕಾಯುವುದು.
‘ಲೇಪವನ್ನು ಗಾಳಿಗೆ ಒಣಗಲು ಬಿಡಿ’ ಎನ್ನುತ್ತದೆ ಪುಸ್ತಕ.
ಯಾವ ಊರಿನ ಗಾಳಿಗೆ?
ಇಲ್ಲಿ ಜುಲೈಯಲ್ಲಿ ಒಣಗಿದ್ದೇನಾದರೂ ಇದ್ದರೆ
ಅದು ಐತಪ್ಪಣ್ಣನ ಬೀರುವಿನೊಳಗೆ,
ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ,
ಬೂಷ್ಟು ಹಿಡಿಯದ ಹಾಗೆ ಮಲಗಿಸಿಟ್ಟ ಮಸೂರಗಳು.
ಅವುಗಳ ಪಕ್ಕ ನಮ್ಮ ಗಾಜುಪಟ್ಟಿಗಳು.
ಅವುಗಳ ಪಕ್ಕ ಐತಪ್ಪಣ್ಣನ ಕಾಲುಚೀಲ.

ಕರೆಂಟು ಹೋದರೆ ಕನ್ನಡಿಯ ಹಳೇ ಮೈಕ್ರೋಸ್ಕೋಪು,
ಕಿಟಕಿಗೆ ಮುಖ ಮಾಡಿ.
ಮಂಜು ಬಂತೋ, ಅದಕ್ಕೂ ಕುರುಡು.
ಎಣಿಕೆ ಅರವತ್ತಮೂರಕ್ಕೆ ನಿಲ್ಲುತ್ತದೆ:
ನ್ಯೂಟ್ರೋಫಿಲ್ ನಲವತ್ತು, ಲಿಂಫೋಸೈಟ್ ಇಪ್ಪತ್ತೊಂದು,
ಇಯೋಸಿನೋಫಿಲ್ ಎರಡು.
ಅಷ್ಟನ್ನೂ ಬಾಯಲ್ಲಿ ಹಿಡಿದು ಕೂರಬೇಕು,
ತುಟಿ ತೆರೆದರೆ ಚೆಲ್ಲುತ್ತದೆ.
ಸಫೂರಾ ಬೇಕೆಂದೇ ಮಾತಾಡಿಸುತ್ತಾಳೆ.
ಅವಳ ಮೇಲೆಯೇ ನನ್ನ ಮೊದಲ ಸೂಜಿ;
ಮೂರು ಸಲ ಚುಚ್ಚಿದರೂ ರಕ್ತನಾಳ ಸಿಗದೆ ನಾನು ಬೆವರಿದಾಗ
‘ಜಿಗಣೆಯೇ ವಾಸಿ ಕಣೇ,
ಹೇಳದೆ ಕೇಳದೆ ಕೆಲಸ ಮುಗಿಸುತ್ತೆ’ ಅಂದಿದ್ದಳು.

ಸುಂಟಿಕೊಪ್ಪದ ತೋಟದಲ್ಲಿ ಅವ್ವ ಕೊಯ್ದ ಹಣ್ಣನ್ನು
ತೂಗಿ ಬರೆಯುತ್ತಿದ್ದುದು ರೈಟರು.
ಅವ್ವನ ಲೆಕ್ಕ ಸೆರಗಿನ ಗಂಟಿನಲ್ಲಿ,
ಚೀಲಕ್ಕೊಂದು ಮೆಣಸಿನ ಕಾಳು.
ಶನಿವಾರ ಆ ಎರಡು ಲೆಕ್ಕ ಕೂಡಿ ಬಂದದ್ದನ್ನು
ನಾನಂತೂ ಕಂಡಿಲ್ಲ.
ಅದಕ್ಕೇ ಇರಬೇಕು,
ನೂರು ಕಣ ಎಣಿಸಿದ ಮೇಲೂ ಇನ್ನೊಂದು ನೂರು ಎಣಿಸುತ್ತೇನೆ.
ಬಿಳಿ ಕೋಟು ತೊಟ್ಟು ತೋರಿಸಿದ ದಿನ ಅವ್ವ ಕೇಳಿದಳು:
‘ಹಾಗಾದರೆ ನೀನೂ ರೈಟರಾ?’
ಹೂಂ ಅಂದೆ.
ಬೇರೆ ಹೇಗೆ ಹೇಳುವುದು?

ಮೂರನೇ ವರ್ಷ, ಜಿಲ್ಲಾಸ್ಪತ್ರೆಯ ಪೋಸ್ಟಿಂಗು.
ಸ್ಯಾಂಪಲ್ ಹದಿನೇಳು.
ತಿತಿಮತಿ ಕಡೆಯ ಹಾಡಿ. ಗಂಡು. ಆರು ವರ್ಷ.
ಮೊಣಕಾಲು ನೋವು, ಕಣ್ಣು ಹಳದಿ.
ಒಂದು ಹನಿ ರಕ್ತ, ಎರಡು ಹನಿ ದ್ರಾವಣ, ಮೇಲೊಂದು ಮುಚ್ಚುಗಾಜು,
ಅಂಚು ಬಿಗಿಯಲು
ಸಫೂರಾಳ ಗುಲಾಬಿ ನೇಲ್ ಪಾಲಿಶ್.
ಒಳಗೆ ಗಾಳಿಯಾಡಬಾರದು.
ಉಸಿರು ಕಟ್ಟಿಸಿ ಕೇಳುವ ಪ್ರಶ್ನೆಯಿದು;
ಅರ್ಧ ಗಂಟೆ ಕಾಯಬೇಕು,
ಯಾವ ಕಣ ದುಂಡಗೆ ಉಳಿದೀತು, ಯಾವುದು ಬಾಗೀತು.

ಬಾಗಿದ್ದವು.
ಒಂದಲ್ಲ, ಎರಡಲ್ಲ.
ಕಳೆ ಸವರಲು ಹೋಗುವಾಗ ಅವ್ವ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ
ಅದರಂತೆ, ಎಂದು ಬರೆಯಹೊರಟ ಪೆನ್ನು
ತಾನಾಗಿ ನಿಂತಿತು. ಕೆಂಪು ಗೀಟಿನ ನೆನಪು.

ಆಮೇಲೆ ಫಾರಂ ನೋಡಿದರೆ
ನೆತ್ತಿಯ ಮೇಲೆ ಅಚ್ಚಾಗಿಯೇ ಇದೆ:
ಕುಡುಗೋಲು ಕಣ ಪರೀಕ್ಷೆ.
ಯಾರೋ, ಯಾವುದೋ ದೇಶದಲ್ಲಿ, ನಮ್ಮ ಹಾಗೇ ಬಗ್ಗಿ ನೋಡಿ,
ಅಳತೆ ಸಾಲದೆ,
ಹುಲ್ಲು ಕೊಯ್ಯುವ ಕತ್ತಿಯನ್ನು ನೆನೆದಿದ್ದಾರೆ.
ಅವರ ರೆಕಾರ್ಡಿಗೆ ಯಾರೂ ಗೀಟೆಳೆದಿಲ್ಲ.

‘ಪಾಸಿಟಿವ್’ ಎಂದು ಬರೆದೆ.
ಮೇಡಂ ತಾವೂ ಬಗ್ಗಿ ನೋಡಿದರು,
ತುಸು ಹೆಚ್ಚೇ ಹೊತ್ತು. ಸಹಿ ಹಾಕಿದರು.

ಕಿಟಕಿಯಾಚೆ ಹುಡುಗನ ತಾಯಿ:
‘ಏನುಂಟು ಅದರಲ್ಲಿ?’
ಡಾಕ್ಟರು ಹೇಳುತ್ತಾರೆ ಅಂದೆ. ಅದೇ ನಿಯಮ.
ನಿಯಮ ಸರಿಯೇ ಇದೆ; ನಾಲಗೆ ಮಾತ್ರ
ಒಣಗದ ಲೇಪ.

ಹುಡುಗ ನೋಡುತ್ತಿದ್ದುದು ನನ್ನ ಹೆಬ್ಬೆರಳನ್ನು.
ಬಾಟಲಿ ಮುಚ್ಚುವಾಗ ಹತ್ತಿದ ಗುಲಾಬಿ ಬಣ್ಣ
ಉಗುರಿನ ಅರ್ಧಕ್ಕೆ ಒಣಗಿತ್ತು.
‘ತೋರಿಸು’ ಅಂದ.
ತೋರಿಸಿದೆ.